ಎರಡೆರಡು ಇದ್ದ ಪೆಟ್ಟಿಗೆ, ಒಂದೇ ಸಿಲಿಂಡರಿನ ಮನೆ

ನಮ್ಮ ಮನೆಯಲ್ಲಿ ಎರಡೆರಡು ಇದ್ದದ್ದು ಮಹಡಿಯ ಮೇಲಿನ ಆ ಪೆಟ್ಟಿಗೆಗೆ ಮಾತ್ರ. ಅದಕ್ಕೆ ಕರೆಂಟು ಎರಡು ಕಡೆಯಿಂದ, ಹೊಟ್ಟೆಯೊಳಗೆ ಗಡಿಯಾರ ಎರಡು, ಬೆನ್ನಿಗೆ ಗಾಳಿ ಬೀಸುವ ಫ್ಯಾನುಗಳೂ ಜೋಡಿ. ಕೆಳಗೆ ನನ್ನ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಒಂದೇ ಒಂದು. ಮದುವೆಯಾಗಿ ಬಂದ ವರ್ಷದಿಂದ ಇನ್ನೊಂದು ಸಿಲಿಂಡರ್ ಬರೆಸಿ, ಇನ್ನೊಂದು ಸಿಲಿಂಡರ್ ಬರೆಸಿ ಎಂದು ಕೇಳಿ ನನ್ನ ನಾಲಿಗೆ ಸವೆದಿತ್ತು. ಯಂತ್ರದ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚು ಬರುತ್ತದೆಯೇ ಎಂದು ನೀವು ಕೇಳಬಹುದು. ಬರುತ್ತದೆ. ನನಗೆ ಬಂದಿತ್ತು, ಸವತಿಯ ಮೇಲೆ ಬರುವಷ್ಟೇ ಬಂದಿತ್ತು.

ರಾಮನಗರ ಜಿಲ್ಲೆಯಾದ ಹೊಸತು ಅದು. ನಮ್ಮ ಯಜಮಾನರು ಕೇಬಲ್ ಟಿವಿ ನಡೆಸುತ್ತಿದ್ದರು. ನಾನು ಹಪ್ಪಳ ಸಂಡಿಗೆ ಒಣಗಿಸುತ್ತಿದ್ದ ತಾರಸಿಯನ್ನು ಒಂದೊಂದಾಗಿ ಬಂದ ದೊಡ್ಡ ಡಿಶ್ಶುಗಳು ಆಗಲೇ ನುಂಗಿ ಹಾಕಿದ್ದವು. ಮಹಡಿಯ ಕೋಣೆಯನ್ನು ಎಲ್ಲರೂ ಕಂಟ್ರೋಲ್ ರೂಮ್ ಎನ್ನುತ್ತಿದ್ದರು. ಕೆಳಗಿನ ಹಜಾರದಲ್ಲಿದ್ದ ಫೋನು ಮಾತ್ರ ನನ್ನದು. ಯಾರ ಮನೆಯಲ್ಲಿ ಚಾನಲ್ ಬರದಿದ್ದರೂ, ಯಾರ ಬೀದಿಯಲ್ಲಿ ತಂತಿ ಹರಿದರೂ ಆ ಫೋನು ಬಡಿದುಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಮುದ್ದೆ ಕೋಲು, ಒಂದು ಕೈಯಲ್ಲಿ ಫೋನು. ಉತ್ತರ ಹೇಳುತ್ತಿದ್ದೆ, ಸಮಾಧಾನ ಹೇಳುತ್ತಿದ್ದೆ, ಸುಮ್ಮಸುಮ್ಮನೆ ಮಾಡಿದವರಿಗೆ ಚೆನ್ನಾಗಿ ಬಯ್ಯುತ್ತಲೂ ಇದ್ದೆ. ಟಿವಿಯ ಸ್ವಿಚ್ಚನ್ನೇ ಹಾಕದೆ ಫೋನು ಮಾಡುವವರನ್ನು ಬಯ್ಯದೆ ಇನ್ನೇನು ಮಾಡಬೇಕು?

ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಕೆಲಸಕ್ಕೆ ಬಂದವರು ನಮ್ಮೂರಲ್ಲೂ ಮನೆ ಮಾಡತೊಡಗಿದ್ದರು, ಬಂದವರೆಲ್ಲ ಇಂಟರ್ನೆಟ್ ಉಂಟೇ ಎಂದು ಕೇಳುತ್ತಿದ್ದರು. ಚನ್ನಪಟ್ಟಣದ ಬೊಂಬೆ ವ್ಯಾಪಾರಿಗಳಿಗೆ ಬೊಂಬೆಯ ಫೋಟೋ ಕಳಿಸಲು ಅದು ಬೇಕಾಗಿತ್ತು. ಟಿವಿಯ ತಂತಿಯಲ್ಲೇ ಇಂಟರ್ನೆಟ್ಟನ್ನೂ ಹರಿಸಬಹುದೆಂದು ಯಾರೋ ಇವರ ಕಿವಿಗೆ ಹಾಕಿದರು. ಅಲ್ಲಿಂದ ಇವರಿಗೆ ನಿದ್ದೆಯಿಲ್ಲ. ಕೊನೆಗೆ ಬೆಂಗಳೂರಿನ ಒಂದು ಕಂಪನಿ ಬಳಸಿ ಬಿಟ್ಟಿದ್ದ ಪೆಟ್ಟಿಗೆಯೊಂದನ್ನು ಸ್ನೇಹಿತರ ಜೊತೆ ಸೇರಿ ಕೊಂಡು ತಂದರು. ಬೀರುವಿನ ಅರ್ಧದಷ್ಟು ಎತ್ತರ. ಆಳುಗಳು ಉಸ್ಸೆಂದು ಅದನ್ನು ಮಹಡಿಗೆ ಏರಿಸಿದರು. ಅತ್ತೆಯ ಅಪ್ಪಣೆಯಂತೆ ನಾನೇ ಅದಕ್ಕೆ ಆರತಿ ಎತ್ತಿ ಒಳಗೆ ಕರೆದುಕೊಂಡೆ. ನಾನು ಈ ಮನೆಗೆ ಬಂದಾಗ ಸೇರಕ್ಕಿ ಒದ್ದು ಬಂದೆ, ಇದಕ್ಕೆ ಕಾಲಿಲ್ಲದ್ದರಿಂದ ಅದೊಂದು ತಪ್ಪಿತು.

ಅದನ್ನು ಕೂರಿಸಿ ಆದ ಮೇಲೆ ಇವರು ನಮ್ಮನ್ನೆಲ್ಲ ಮೇಲಕ್ಕೆ ಕರೆದರು. ನಾನು, ಅತ್ತೆ, ಇನ್ನೂ ಮದುವೆಯಾಗದ ನಾದಿನಿ, ಮೂವರೂ ಹೋಗಿ ನಿಂತೆವು. ಪೆಟ್ಟಿಗೆಯ ಹಿಂದಿನಿಂದ ಎರಡು ದಪ್ಪ ವೈರುಗಳು ಇಳಿದಿದ್ದವು. ಇವರು ಒಂದನ್ನು ಹಿಡಿದು ಸರಕ್ಕನೆ ಕಿತ್ತರು. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ದೀಪಗಳು ಮಿನುಗುತ್ತಲೇ ಇದ್ದವು.

"ನೋಡ್ದಾ ಅವ್ವ, ಒಂದು ಹೋದ್ರೆ ಇನ್ನೊಂದು ಹೊರ್ತದೆ. ಮನೇಲಿ ಕೂತಿರೋ ಗಿರಾಕಿಗೆ ಗೊತ್ತೇ ಆಗಾಕಿಲ್ಲ," ಎಂದು ಇವರು ಅತ್ತೆಯ ಕಡೆ ತಿರುಗಿದರು.

ಗೂಡಿನೊಳಗೆ ತಳ್ಳಿದ ಹಲಗೆಯಂಥ ಗಡಿಯಾರದ ಕಾರ್ಡುಗಳನ್ನೂ ತೋರಿಸಿದರು. ಮುಳ್ಳಿರುವ ಗಡಿಯಾರ ಅಲ್ಲವಂತೆ. ಊರಿನ ಮನೆಮನೆಯಲ್ಲಿರುವ ಇಂಟರ್ನೆಟ್ ಡಬ್ಬಿಗಳು ಒಂದರ ಮಾತಿಗೆ ಒಂದು ಅಡ್ಡ ಬರದಂತೆ ಸರದಿಯ ಮೇಲೆ ಮಾತಾಡಬೇಕಂತೆ, ಆ ಸರದಿಯನ್ನು ಹೇಳುವುದು ಇದಂತೆ. ನನಗೆ ಭಜನೆಯಲ್ಲಿ ತಾಳ ಹಾಕುವವನ ನೆನಪಾಯಿತು, ಅವನು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ. ಅದಕ್ಕೇ ತಾಳ ಹಾಕುವವರು ಇಲ್ಲಿ ಇಬ್ಬರು. ಹಸಿರು ದೀಪ ಉರಿಯುತ್ತಿರುವುದು ಕೆಲಸದಲ್ಲಿರುವ ಕಾರ್ಡು. ಹಳದಿ ದೀಪದ್ದು ಸುಮ್ಮನೆ ಕೂತಿರುತ್ತದೆ, ಆದರೆ ಒಳಗೊಳಗೇ ಅದೇ ತಾಳವನ್ನು ಎಣಿಸುತ್ತಿರುತ್ತದೆ. ಹಸಿರಿನದು ಕೆಟ್ಟ ಕೂಡಲೆ ತಾಳವನ್ನು ಇದು ಎತ್ತಿಕೊಳ್ಳುತ್ತದೆ.

"ಸುಮ್ನೆ ಕೂತಿರೋದ್ಕೂ ಕರೆಂಟ್ ಕೊಡ್ತೀರಾ?" ಎಂದೆ.

"ಕೊಡ್ಲೇಬೇಕು ಕಣೇ. ಅದು ಯಾವಾಗ್ಲೂ ರೆಡಿಯಾಗಿರ್ಬೇಕು."

"ನಂಗೆ ಜ್ವರ ಬಂದ್ರೆ ಯಾರು ರೆಡಿಯಾಗವ್ರೆ?"

ನಾದಿನಿ ಕಿಸಕ್ಕನೆ ನಕ್ಕಳು. ಇವರು ನಗಲಿಲ್ಲ. "ನಿಂಗೆಲ್ಲಿ ಜ್ವರ ಬತ್ತದೆ? ಗಟ್ಟಿಗಿತ್ತಿ ನೀನು," ಎಂದರು. ಅದನ್ನು ಹೊಗಳಿಕೆ ಎಂದೇ ಹೇಳಿದ್ದರು, ಪಾಪ. ನನ್ನ ಹೊಟ್ಟೆ ಅಂದಿನಿಂದ ಉರಿಯಲು ಶುರುವಾಯಿತು.

ಬೇರೆಯವರ ಕೈ ಸವೆಸಿ ಬಿಟ್ಟ ಪೆಟ್ಟಿಗೆಗೆ ಎಷ್ಟು ಉಪಚಾರ ಎನ್ನುತ್ತೀರಿ! ಬಿಸಿಲು ತಾಗಬಾರದೆಂದು ಕಿಟಕಿಗೆ ಹಲಗೆ ಹೊಡೆಸಿದರು. ಬೆವರಬಾರದೆಂದು ಏಸಿ ಹಾಕಿಸಿದರು. ಕರೆಂಟು ಹೋದರೆ ಗಾಬರಿಯಾಗಬಾರದೆಂದು ಬ್ಯಾಟರಿಯ ಯುಪಿಎಸ್ ಕೂಡ ಎರಡು ತಂದರು. ಕೆಳಗೆ ನಮಗೆ ಲೋಡ್ ಶೆಡ್ಡಿಂಗಿನಲ್ಲಿ ಬೀಸಣಿಗೆಯೇ ಗತಿ. ಬೇಸಗೆಯಲ್ಲಿ ನಮ್ಮೂರ ಬಂಡೆಗಳು ಕಾದು ಸಂಜೆಯಾದರೂ ಬಿಸಿಯನ್ನು ಕಾರುತ್ತಿರುತ್ತವೆ. ಯುಪಿಎಸ್‌ನಿಂದ ಅಡುಗೆಮನೆಗೆ ಒಂದೇ ಒಂದು ಫ್ಯಾನಿನ ವೈರು ಎಳೆದು ಕೊಡಿ ಎಂದರೆ, ಲೋಡ್ ತಡೆಯುವುದಿಲ್ಲ ಎಂದು ಒಂದೇ ಮಾತಿಗೆ ಮುಗಿಸಿದರು. ಅತ್ತೆ ನನ್ನ ಹಾಗೆ ಕೇಳುತ್ತ ಕೂರುವವರಲ್ಲ. ಮಧ್ಯಾಹ್ನ ಉಂಡವರೇ ಚಾಪೆ ದಿಂಬು ಎತ್ತಿಕೊಂಡು ಮಹಡಿಗೆ ಹೋಗಿ, ಪೆಟ್ಟಿಗೆಯ ಮುಂದೆ ಸೆರಗು ಹೊದ್ದು ಮಲಗಿಬಿಡುತ್ತಿದ್ದರು.

"ಒಳ್ಳೆ ತಂಪಾಯ್ತದೆ ಕಣವ್ವ, ನೀನೂ ಒಸಿ ಬಾ," ಎಂದು ನನ್ನನ್ನೂ ಕರೆಯುತ್ತಿದ್ದರು. ನಾನು ಹೋಗಲಿಲ್ಲ. ಫೋನು ಕೆಳಗಿತ್ತು, ಮತ್ತೆ ನನಗೂ ಒಂದು ಮಾನ ಮರ್ಯಾದೆ ಇತ್ತು. ಅದರ ತಂಪು ನನಗೆ ಬೇಡವಾಗಿತ್ತು.

ಒಂದೇ ಒಂದು ಸಲ ನನ್ನ ಹೊಟ್ಟೆ ತಣ್ಣಗಾಯಿತು. ಅದನ್ನು ಹೇಳಲೇಬೇಕು.

ನಮ್ಮ ಕಡೆ ಮೂರು ಫೇಸಿನ ಕರೆಂಟಿನಲ್ಲಿ ಒಂದು ಫೇಸು ಹೋದರೆ ಯಾರೂ ಲೈನ್‌ಮ್ಯಾನ್ ಬರುವ ತನಕ ಕಾಯುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೀಟರ್ ಬೋರ್ಡಿನ ಮುಂದೆ ನಿಂತು, ಸತ್ತ ಫೇಸಿನಲ್ಲಿದ್ದ ವೈರನ್ನು ಬಿಚ್ಚಿ ಜೀವ ಇರುವ ಫೇಸಿಗೆ ಸಿಕ್ಕಿಸುತ್ತಾರೆ. ಪಂಪ್‌ಸೆಟ್ ಇಟ್ಟ ರೈತನಿಂದ ಹಿಡಿದು ರೇಷ್ಮೆ ಬಿಚ್ಚುವ ಸಾಬರ ತನಕ ಎಲ್ಲರಿಗೂ ಇದು ಗೊತ್ತು. ಹೋದ ಫೇಸು ಮತ್ತೆ ಬಂದಾಗ ವೈರನ್ನು ಹಳೆಯ ಜಾಗಕ್ಕೆ ಹಾಕಬೇಕು ಎಂಬುದು ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ನಡೆಯುತ್ತಿದೆಯಲ್ಲ, ಬಿಡು ಎನ್ನುವುದು ನಮ್ಮ ಜನರ ಜಾಯಮಾನ. ಪೆಟ್ಟಿಗೆಯ ಒಂದು ವೈರು ಒಂದು ಫೇಸಿನಿಂದ, ಇನ್ನೊಂದು ಬೇರೆ ಫೇಸಿನಿಂದ ಬರುವಂತೆ ಇವರು ಶಾಸ್ತ್ರೋಕ್ತವಾಗಿ ಜೋಡಿಸಿದ್ದರು. ಏಸಿಯೂ ಮೊದಲನೆಯ ಫೇಸಿನಲ್ಲೇ ಇತ್ತು. ಒಂದು ಮಧ್ಯಾಹ್ನ ಆ ಫೇಸು ಹೋಯಿತು. ಪೆಟ್ಟಿಗೆಗೆ ಏನೂ ಆಗಲಿಲ್ಲ, ಅತ್ತೆಗೆ ಸೆಕೆಯಾಯಿತು. "ಲೇ, ಗಾಳಿ ನಿಂತೋಯ್ತಲ್ಲೋ!" ಎಂದು ಮಹಡಿಯಿಂದ ಕೂಗಿದರು. ಇವರು ಓಡಿಬಂದು ಮೊದಲನೆಯ ಫೇಸಿನದ್ದನ್ನೆಲ್ಲ ಎರಡನೆಯದಕ್ಕೆ ತಿರುಗಿಸಿ, ತಾಯಿಗೆ ತಂಪು ಕೊಟ್ಟು, ಮರೆತು ಕೆಲಸಕ್ಕೆ ಹೋದರು.

ಅದಾಗಿ ಎಷ್ಟೋ ದಿನದ ಮೇಲೆ, ಒಂದು ಬೆಳಿಗ್ಗೆ ಗಾಳಿಗೆ ಎಲ್ಲೋ ಕೊಂಬೆ ಬಿದ್ದು ಆ ಎರಡನೆಯ ಫೇಸು ಹೋಯಿತು. ಬ್ಯಾಟರಿಗಳು ಶಕ್ತಿ ಇರುವ ತನಕ ಎಳೆದು ಎರಡೂ ಒಟ್ಟಿಗೆ ಕೈಚೆಲ್ಲಿದವು. ಪೆಟ್ಟಿಗೆ ಕಪ್ಪಾಯಿತು. ಊರಿಗೆಲ್ಲ ಇಂಟರ್ನೆಟ್ ಹೋಯಿತು. ನನ್ನ ಫೋನು ಬಾಯಿ ಮುಚ್ಚಲಿಲ್ಲ. ಮಾಗಡಿ ರಸ್ತೆಯಲ್ಲಿ ತಂತಿ ಎಳೆಸುತ್ತಿದ್ದ ಇವರು ಬೈಕಿನಲ್ಲಿ ಹಾರಿ ಬಂದು ನೋಡುತ್ತಾರೆ, ಕೆಳಗೆ ನನ್ನ ಅಡುಗೆಮನೆಯಲ್ಲಿ ಬಲ್ಬು ಉರಿಯುತ್ತಿದೆ! ಅದು ಮೂರನೆಯ ಫೇಸಿನಲ್ಲಿತ್ತು. ಎರಡೆರಡು ಇದ್ದದ್ದು ಸತ್ತಿತ್ತು, ನನ್ನ ಒಂಟಿ ಬಲ್ಬು ಬದುಕಿತ್ತು. ಇವರು ತಲೆ ಮೇಲೆ ಕೈ ಹೊತ್ತು ಬೋರ್ಡಿನ ಮುಂದೆ ಕೂತರು.

"ಎರಡೈತೆ, ಏನೂ ಆಗಾಕಿಲ್ಲ ಅಂತಿದ್ರಿ," ಎಂದೆ. ಮುಖದ ಮೇಲಿನ ನಗುವನ್ನು ಅಡಗಿಸುವ ಕಷ್ಟ ತೆಗೆದುಕೊಳ್ಳಲಿಲ್ಲ.

"ಎರಡ್ಕೂ ಒಂದೇ ಕಡೆಯಿಂದ ಬಂದ್ರೆ ಎರಡು ಎಲ್ಲಿ ಆಯ್ತದೆ? ಒಂದೇ ಲೆಕ್ಕ," ಎಂದು ಗೊಣಗಿ ವೈರುಗಳನ್ನು ಬೇರೆ ಬೇರೆ ಮಾಡಿದರು. ಅತ್ತೆ ಆ ದಿನ ತಮಗೆ ಯಾವುದೂ ಸಂಬಂಧವಿಲ್ಲ ಎಂಬಂತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ರಾತ್ರಿಯ ಅಡುಗೆಗೆ ಪಾಯಸವನ್ನೂ ಮಾಡಿದೆ. ಯಾಕೆಂದು ಯಾರೂ ಕೇಳಲಿಲ್ಲ.

ಮುಂದಿನ ವರ್ಷ ನಾದಿನಿಯನ್ನು ಮಾಗಡಿ ಕಡೆ ಕಲ್ಯಕ್ಕೆ ಕೊಟ್ಟೆವು. ಹೊಲ ಮನೆ ಇದ್ದ ತುಂಬಿದ ಕುಟುಂಬ. ಆಷಾಢ ಬಂದ ಕೂಡಲೆ ಶಾಸ್ತ್ರದಂತೆ ತವರಿಗೆ ಬಂದಳು. ಹೊಸ ಮದುಮಗಳು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರಬಾರದಲ್ಲ. ಕೈತುಂಬ ಬಳೆ, ಕತ್ತಿನಲ್ಲಿ ಹೊಸ ಚಿನ್ನ. ಬಂದ ದಿನವೇ ಅಣ್ಣನ ಹಿಂದೆ ಮಹಡಿಗೆ ಹೋಗಿ ಪೆಟ್ಟಿಗೆಯನ್ನು ಮಾತಾಡಿಸಿಕೊಂಡು ಬಂದಳು. ಇವಳು ಕಾಲೇಜಿನ ಮೆಟ್ಟಿಲು ಹತ್ತಿದವಳು, ಇವರು ಹೇಳಿದ್ದೆಲ್ಲ ಇವಳಿಗೆ ಒಂದೇ ಸಲಕ್ಕೆ ತಿಳಿಯುತ್ತಿತ್ತು. ಅಣ್ಣ ತಂಗಿ ಮಾತಿಗೆ ಕೂತರೆ ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತದ್ದು ಇಬ್ಬರಿಗೂ ಕಾಣುತ್ತಿರಲಿಲ್ಲ.

ಅದೇ ವಾರ ಗಡಿಯಾರದ ಕಾರ್ಡುಗಳಲ್ಲಿ ಹಸಿರು ದೀಪದ್ದು ಕೆಟ್ಟಿತು. ಹಳದಿಯದು ಆ ಗಳಿಗೆಗೇ ಹಸಿರಾಯಿತಂತೆ. ಒಂದು ಫೋನೂ ಬರಲಿಲ್ಲ. ಇವರು ಕೆಟ್ಟದ್ದನ್ನು ಕಿತ್ತು ಬೆಂಗಳೂರಿಗೆ ರಿಪೇರಿಗೆ ಕಳಿಸಿ, ಅದು ಬಂದ ಮೇಲೆ ಮತ್ತೆ ಅದರ ಗೂಡಿಗೆ ತಳ್ಳಿದರು. ಪೂಜೆಗೆಂದು ಊದಿನಕಡ್ಡಿ ಹಿಡಿದು ನಾನೂ ಅಲ್ಲೇ ನಿಂತಿದ್ದೆ. ಮೊದಲು ಹಸಿರು ಉರಿಯುತ್ತಿದ್ದ ಆ ಕಾರ್ಡಿನಲ್ಲಿ ಈಗ ಹಳದಿ ಹೊತ್ತಿಕೊಂಡಿತು.

"ಯಾಕ್ರೀ, ಇದು ತಾನೆ ಮೊದ್ಲಿಂದ ಕೆಲ್ಸ ಮಾಡ್ತಿದ್ದದ್ದು? ಅದರ ಜಾಗ ಅದಕ್ಕೆ ವಾಪಸ್ ಕೊಡಾಕಿಲ್ವಾ?"

"ಯಾಕೆ ಕೊಡ್ಬೇಕು? ಇದು ಚೆನ್ನಾಗಿ ನಡುಸ್ತಾ ಐತಲ್ಲ. ನಡೀತಿರೋದನ್ನ ಸುಮ್ನೆ ಯಾಕೆ ಅಲ್ಲಾಡಿಸೋದು? ಅದೀಗ ಕೂತಿರ್ಲಿ," ಎಂದರು.

ನಾನು ಊದಿನಕಡ್ಡಿ ಸಿಕ್ಕಿಸಿ ಕೆಳಗೆ ಬಂದೆ. ಅಷ್ಟು ದಿನ ಹೊಟ್ಟೆಕಿಚ್ಚು ಪಟ್ಟ ಪೆಟ್ಟಿಗೆಯ ಒಂದು ತುಂಡಿನ ಮೇಲೆ ಅವತ್ತು ನನಗೆ ಮರುಕ ಹುಟ್ಟಿತ್ತು.

ಇದಾದ ಮೇಲೆ ಉಯ್ಯಂಬಳ್ಳಿಯಿಂದ, ಅಂದರೆ ನನ್ನ ತವರಿಂದ, ಹೇಳಿಕಳಿಸಿದರು. ನನ್ನ ತಂಗಿಗೆ ಹೆರಿಗೆಯಾಗಿತ್ತು. ಅಮ್ಮನಿಗೆ ಕೈ ಉಳುಕಿ ಬಾಣಂತಿಗೆ ನೀರು ಹಾಕುವುದಕ್ಕೂ ಆಗುತ್ತಿರಲಿಲ್ಲ. ಒಂದಷ್ಟು ದಿನ ಬಂದು ಇರು ಮಗಳೇ ಎಂದು ಕೇಳಿದ್ದಳು. ಮದುವೆಯಾದ ಮೇಲೆ ನಾನು ತವರಿನಲ್ಲಿ ನೆಟ್ಟಗೆ ನಾಲ್ಕು ದಿನ ಇದ್ದದ್ದಿಲ್ಲ. ಹೋದರೆ ಫೋನಿಗೆ ಯಾರು, ಮುದ್ದೆಗೆ ಯಾರು ಎಂಬ ಮಾತು ಬಂದು ಬಸ್ಸು ಹತ್ತುವ ಮೊದಲೇ ನನ್ನ ಚೀಲ ಒಳಗೆ ಸೇರುತ್ತಿತ್ತು. ಈ ಸಲವೂ ಇವರು ಅದೇ ರಾಗ ತೆಗೆದರು.

"ನಿಮ್ಮ ಪೆಟ್ಟಿಗೇದು ಕೆಟ್ಟಾಗ ಕಿತ್ತು ಬೆಂಗ್ಳೂರಿಗೆ ಕಳಿಸ್ಲಿಲ್ವಾ? ನಾನು ಕೆಡೋಕೆ ಮುಂಚೆ ನನ್ನೂ ಒಂದ್ಸಲ ಕಳ್ಸಿ," ಎಂದೆ. ದನಿ ಏರಿತ್ತು. ಅತ್ತೆ ಹೊರಗಿನಿಂದ ಇಣುಕಿದರು.

ಆಗ ನಾದಿನಿ ಒಳಗೆ ಬಂದು ನನ್ನ ಕೈಯ ಸೌಟನ್ನು ತೆಗೆದುಕೊಂಡಳು. "ಅತ್ತಿಗೆ, ನೀವು ಹೋಗ್ಬನ್ನಿ. ನಾ ಇವ್ನಲ್ಲ. ಆಷಾಢ ಮುಗಿಯೋಗಂಟ ನಂಗೇನು ಕೆಲ್ಸ?" ಎಂದವಳು, "ಎಲ್ಲ ನಾ ನೋಡ್ಕತೀನಿ," ಎಂದು ನಕ್ಕಳು. ನಾನು ಆ ನಗುವಿಗೆ ಸೋತು, ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಕನಕಪುರ ದಾಟುವ ತನಕ ಖುಷಿಯಾಗಿದ್ದೆ. ದಾಟಿದ ಮೇಲೆ ಫೋನಿನ ಯೋಚನೆ ಬಂತು.

ಉಯ್ಯಂಬಳ್ಳಿಯಲ್ಲಿ ದಿನಗಳು ಚೆನ್ನಾಗಿಯೇ ಹೋದವು. ಹಂಡೆಗೆ ಉರಿ ಹಾಕುವುದು, ಬಾಣಂತಿಗೆ ಮೆಣಸಿನ ಸಾರು, ಮಗುವಿಗೆ ಎಣ್ಣೆ ನೀರು. ಮಗು ತಂಗಿಯ ಹಾಗೇ ಮೂಗು ಮುರಿಯುತ್ತಿತ್ತು. ಆದರೂ ಊಟದ ಹೊತ್ತಿಗೆ ಸರಿಯಾಗಿ ನನ್ನ ಕಿವಿ ನಿಮಿರುತ್ತಿತ್ತು. ಈಗ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿರಬೇಕು, ಆ ಹುಡುಗಿಗೆ ಯಾವ ಬೀದಿ ಯಾವುದೆಂದು ಗೊತ್ತಿಲ್ಲ, ಮುದ್ದೆ ಗಂಟಾಗಿರಬೇಕು, ಇವರು ಎದ್ದು ಹೋಗಿರಬೇಕು. ಯೋಚಿಸಿದಷ್ಟೂ ನನಗೆ ಒಂದು ಥರಾ ಹಿತವಾಗುತ್ತಿತ್ತು. ನಾನಿಲ್ಲದೆ ಆ ಮನೆ ಹೇಗೆ ನಡೆದೀತು!

ಒಂದು ದಿನ ತಡೆಯಲಾರದೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ಕಾಯಿನ್ ಫೋನಿನಿಂದ ನಮ್ಮ ಮನೆಗೆ ಮಾಡಿದೆ. ಒಂದು ಸಲ ಬಡಿಯುವಷ್ಟರಲ್ಲಿ ಎತ್ತಿದರು.

"ನಮಸ್ಕಾರ, ಕೇಬಲ್ ಆಫೀಸು, ಹೇಳಿ ಸರ್."

ಜೇನು ಸುರಿದ ಹಾಗಿತ್ತು ಆ ದನಿ. ನಾನು ಇಷ್ಟು ವರ್ಷದಲ್ಲಿ ಯಾರಿಗೂ ನಮಸ್ಕಾರ ಹೇಳಿದವಳಲ್ಲ, 'ಯಾರ್ರೀ?' ಎಂದೇ ಶುರುಮಾಡುತ್ತಿದ್ದೆ.

"ನಾನು ಕಣಮ್ಮ," ಎಂದೆ.

"ಓ ಅತ್ತಿಗೆ! ಮಗು ಚೆನ್ನಾಗೈತಾ? ಇಲ್ಲಿ ಎಲ್ಲ ಚೆನ್ನಾಗಿ ನಡೀತೈತೆ, ನೀವು ಒಂಚೂರೂ ಯೋಚ್ನೆ ಮಾಡ್ಬೇಡಿ. ಇನ್ನೊಂದು ವಾರ ಬೇಕಾದ್ರೂ ಇದ್ದು ಬನ್ನಿ!"

ಆ ಮಾತನ್ನು ಪ್ರೀತಿಯಿಂದಲೇ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನವೇ ಚೀಲ ಕಟ್ಟಿದೆ. ಅಮ್ಮ ಕೈ ಸರಿಹೋಗಿದೆ, ಹೋಗು ಎಂದಳು. ಅವಳ ಕೈ ಇನ್ನೂ ಒಂದಿಷ್ಟು ಬಾತಿತ್ತು.

ರಾಮನಗರದಲ್ಲಿ ಇಳಿದು ಮನೆಗೆ ಬಂದಾಗ ಮಧ್ಯಾಹ್ನ. ಆಷಾಢದ ಗಾಳಿ ಬೀದಿಯ ದೂಳನ್ನೆಲ್ಲ ಎಬ್ಬಿಸುತ್ತಿತ್ತು. ಹಜಾರದಲ್ಲಿ ನಾದಿನಿ ಫೋನು ಹಿಡಿದು, "ಅರ್ಧ ಗಂಟೆಯಲ್ಲಿ ಹುಡುಗರು ಬತ್ತಾರೆ ಸರ್," ಎನ್ನುತ್ತ ನನಗೆ ಕಣ್ಣಿನಲ್ಲೇ ಬನ್ನಿ ಎಂದಳು. ನನ್ನ ಮನೆಗೆ ನನ್ನನ್ನು ಬನ್ನಿ ಎಂದಳು! ಫೋನಿನ ಕೆಳಗೆ ಹೊಸದಾಗಿ ಕಸೂತಿ ಹಾಕಿದ ಬಟ್ಟೆ ಹಾಸಿತ್ತು. ನಾನು ಚೀಲ ಇಳಿಸಿ ನೇರ ಅಡುಗೆಮನೆಗೆ ಹೋದೆ.

ಒಲೆಯ ಕಟ್ಟೆಯ ಕೆಳಗೆ ನನ್ನ ಹಳೆಯ ಸಿಲಿಂಡರ್ ಇತ್ತು. ಅದರ ಪಕ್ಕದಲ್ಲಿ, ಹೊಸ ಕೆಂಪು ಬಣ್ಣ ಫಳಫಳ ಎನ್ನುತ್ತ, ಬಾಯಿಗೆ ಹಾಕಿದ ಸೀಲು ಕೂಡ ಕೀಳದೆ, ಇನ್ನೊಂದು ಸಿಲಿಂಡರ್ ನಿಂತಿತ್ತು.

ಇವರು ಹಿಂದಿನಿಂದ ಬಂದರು. ಮುಖ ಅರಳಿತ್ತು. "ಹೆಂಗೈತೆ? ಡಬಲ್ ಸಿಲಿಂಡರ್! ನೀ ಹೋದ್ ನಾಲ್ಕು ದಿನಕ್ಕೆ ಅಡ್ಗೆ ಮಧ್ಯೆ ಗ್ಯಾಸ್ ಖಾಲಿಯಾಗೋಯ್ತು. ಪಾಪ, ಹುಡ್ಗಿ ಸೌದೆ ಒಲೆ ಹಚ್ಕೊಂಡು ಕಣ್ಣೆಲ್ಲ ಕೆಂಪು ಮಾಡ್ಕೊಂಡಿದ್ಲು. ನೋಡಕ್ಕಾಗ್ನಿಲ್ಲ. ಹೋಗಿ ಹಳೇದ್ನ ತುಂಬಿಸ್ಕೊಂಡು, ಇನ್ನೊಂದ್ನೂ ಬರುಸ್ಕೊಂಡ್ ಬಂದ್ಬುಟ್ಟೆ."

ಹುಡುಗಿಯ ಕಣ್ಣು ಕೆಂಪಾದದ್ದು ಇವರಿಗೆ ಒಂದು ದಿನವೂ ನೋಡಲಾಗಲಿಲ್ಲ. ನಾನು ಪ್ರತಿ ಸಲ ಗ್ಯಾಸ್ ಮುಗಿದಾಗಲೂ ಅದೇ ಸೌದೆ ಒಲೆಯನ್ನು ಊದಿದವಳು. ನನ್ನ ಕಣ್ಣಿಗೇನು ಬಣ್ಣ ಬೇರೆಯೇ ಇತ್ತೇ? ಬಾಯಿಗೆ ಬಂದ ಮಾತನ್ನು ನುಂಗಿ, ಬೇರೆಯದನ್ನೇ ಕೇಳಿದೆ.

"ನಾನಿಲ್ದೆ ಏನೂ ತೊಂದ್ರೆ ಆಗ್ಲಿಲ್ವಾ?"

"ಗೊತ್ತೇ ಆಗ್ಲಿಲ್ಲ ಕಣೇ!" ಎಂದರು.

ಪೆಟ್ಟಿಗೆಗೆ ಕೊಡುತ್ತಿದ್ದ ಹೊಗಳಿಕೆ ಅದು. ಇವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ನನ್ನ ಮನಸ್ಸಿಗೆ ನೆಮ್ಮದಿಯಾಗಲೆಂದೇ ಹೇಳಿದರು ಎಂದು ನನಗೆ ಗೊತ್ತು, ಅವತ್ತೂ ಗೊತ್ತಿತ್ತು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಎರಡು ಸಿಲಿಂಡರುಗಳ ಮುಂದೆ ಕೂತು ಅತ್ತುಬಿಟ್ಟೆ. ಹೊರಗೆ ಫೋನು ಬಡಿಯಿತು. ನಾನು ಏಳುವಷ್ಟರಲ್ಲಿ "ನಮಸ್ಕಾರ" ಕೇಳಿಸಿತು.

ಆಷಾಢ ಮುಗಿಯಲು ಇನ್ನೂ ಕೆಲವು ದಿನವಿತ್ತು. ಆ ದಿನಗಳಲ್ಲಿ ನಾನು ಹೊಸ ಸಿಲಿಂಡರನ್ನು ಮುಟ್ಟಲಿಲ್ಲ. ಹಳೆಯದು ಬೇಗ ಮುಗಿದರೆ ಅದನ್ನು ಮುಟ್ಟಬೇಕಾಗುತ್ತದಲ್ಲ ಎಂದು ಬೇಳೆಯನ್ನು ಹಿತ್ತಲಿನ ಸೌದೆ ಒಲೆಯಲ್ಲೇ ಬೇಯಿಸಿದೆ. ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. ಫೋನಿನ ಹತ್ತಿರ ನಾನು ಹೋದರೆ ನಾದಿನಿ ಆಗಲೇ ಎತ್ತಿರುತ್ತಿದ್ದಳು. ನೀವು ದಣಿದು ಬಂದಿದ್ದೀರಿ, ಕೂತ್ಕೊಳ್ಳಿ ಎನ್ನುತ್ತಿದ್ದಳು. ಕೂತೆ. ಕೂತು ಕೂತು, ಒಂದು ಮಧ್ಯಾಹ್ನ ಎಂದೂ ಹೋಗದಿದ್ದವಳು ಚಾಪೆ ಹಿಡಿದು ಮಹಡಿಗೆ ಹೋಗಿ ಅತ್ತೆಯ ಪಕ್ಕದಲ್ಲಿ ಮಲಗಿದೆ. ತಂಪಾಗಿತ್ತು, ಹೌದು. ಎದುರಿಗೆ ಹಳದಿ ದೀಪ ಉರಿಯುತ್ತಿತ್ತು. ನನಗೆ ನಿದ್ದೆ ಬರಲಿಲ್ಲ.

ಶ್ರಾವಣ ಬಂತು. ನಾದಿನಿಯ ಗಂಡ ಅವಳನ್ನು ಕರೆದುಕೊಂಡು ಹೋಗಲು ಬಂದು ಜಗುಲಿಯಲ್ಲಿ ಇವರ ಜೊತೆ ಮಾತಾಡುತ್ತ ಕೂತಿದ್ದ. ಒಳಗೆ ಅವಳು ಸೀರೆ ಮಡಿಸುತ್ತಿದ್ದಳು. ನಾನು ಮಡಿಲು ತುಂಬಲು ಅಕ್ಕಿ, ಬೆಲ್ಲ, ಕೊಬ್ಬರಿ ಎತ್ತಿಕೊಂಡು ಹೋದೆ. ಒಳಗೊಳಗೇ ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ? ಅವಳ ಕಣ್ಣು ಮಾತ್ರ ತುಂಬಿತ್ತು.

"ಯಾಕಮ್ಮ, ಗಂಡನ ಮನೆಗೆ ಹೋಗೋಕೆ ಅಳ್ತಾರಾ?"

"ಅಲ್ಲಿ ಮಾಡೋಕೆ ಏನೂ ಇಲ್ಲ ಅತ್ತಿಗೆ. ಇಬ್ರು ಓರಗಿತ್ತೀರವ್ರೆ. ಒಲೆ ತಾವ ಹೋದ್ರೆ 'ನೀ ಕೂತ್ಕೊ, ಹೊಸ್ಬಳು' ಅಂತಾರೆ. ನೀರ್ ತರೋಕ್ ಹೋದ್ರೂ ಕೂತ್ಕೊ ಅಂತಾರೆ. ಚೆನ್ನಾಗೇ ನೋಡ್ಕೋತಾರೆ, ಇಲ್ಲ ಅನ್ನಲ್ಲ. ಹೊತ್ತೊತ್ಗೆ ಹಿಟ್ಟು ಇಕ್ತಾರೆ. ಆದ್ರೆ ನಾ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನಿಮ್ಮನ್ನ ನೋಡಿದ್ರೆ ನಂಗೆ ಹೊಟ್ಟೆ ಉರೀತದೆ."

"ನನ್ ನೋಡಿದ್ರೆ?"

"ಮತ್ತೆ? ಫೋನ್ ಎತ್ತಿದ್ರೆ ಸಾಕು, ಆ ಅಮ್ಮ ಎಲ್ಲಿ, ಆ ಅಮ್ಮ ಎಲ್ಲಿ ಅಂತಾರೆ. ರೇಷ್ಮೆ ಬಿಚ್ಚೋ ಸಾಬ್ರ ಮನೆ ಅಜ್ಜಿ ದಿನಾ ಫೋನ್ ಮಾಡೋಳು. ಟಿವಿ ಚೆನ್ನಾಗೇ ಬರ್ತಿತ್ತು. 'ಬಯ್ಯೋ ಅಮ್ಮಗೆ ಹುಷಾರಿಲ್ವಾ ಬೇಟಿ?' ಅಂತ ಕೇಳೋಕೇ ಮಾಡೋಳು. ನಾ ಎಷ್ಟು ನಮಸ್ಕಾರ ಹಾಕಿದ್ರೂ ಯಾರೂ ನನ್ನ ಕೇಳ್ನಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೊಟ್ಟೆ ಉರೀತಿತ್ತು ಅಂದ್ನಲ್ಲ," ಎಂದಳು.

ಅಕ್ಕಿಯನ್ನು ಅವಳ ಮಡಿಲಿಗೆ ಹಾಕಿದೆ. ಬೆಲ್ಲದ ಅಚ್ಚು ಒಂದು ಇಡಬೇಕಾದ ಕಡೆ ಎರಡು ಇಟ್ಟೆ. ಅಷ್ಟು ಹೊತ್ತಿಗೆ ಹಜಾರದಲ್ಲಿ ಫೋನು ಬಡಿಯಿತು. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಗಿ, ನನ್ನ ಮುಖ ನೋಡಿ ನಿಂತಿತು. ಜಗುಲಿಯಿಂದ ಅವಳ ಗಂಡ, "ಬಸ್ ಹೊತ್ತಾಯ್ತು ಕಣೇ," ಎಂದು ಕೂಗಿದ.

"ಹೋಗು, ನೀನೇ ಎತ್ತು," ಎಂದೆ.

ಅವಳು ಮಡಿಲಿನ ಅಕ್ಕಿ ಚೆಲ್ಲದಂತೆ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿದಳು. "ನಮಸ್ಕಾರ, ಕೇಬಲ್ ಆಫೀಸು, ಹೇಳಿ ಸರ್!" ಅವಳ ಗಂಡ ಬಾಗಿಲಿಗೆ ಬಂದು, ತನ್ನ ಹೆಂಡತಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತ ನಿಂತ. ಅವಳು ಬೀದಿಯ ಹೆಸರು ಕೇಳಿ, ಎಲ್ಲಿ ತಂತಿ ಸಡಿಲವಾಗಿರಬಹುದೆಂದು ತಾನೇ ಹೇಳಿ, ಅಣ್ಣನ ಕಡೆ ನೋಡದೆ ಸಮಯವನ್ನೂ ಕೊಟ್ಟಳು. ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಆಗಲೂ ನನ್ನ ಹೊಟ್ಟೆ ಉರಿಯಿತು.

ಅವಳ ಗಂಡನಿಗೆ ಕೊಡಲು ಕಾಫಿ ಇಟ್ಟಿದ್ದೆ. ಒಳಗೆ ಹೋಗಿ ನೋಡಿದರೆ ಹಾಲು ಉಕ್ಕುವ ಮೊದಲೇ ಒಲೆ ನೀಲಿಯಾಗಿ ನಡುಗಿ ಆರಿಹೋಗಿತ್ತು. ಹಳೆಯ ಸಿಲಿಂಡರ್ ಮುಗಿದಿತ್ತು. ಹೊಸದರ ಸೀಲು ಕಿತ್ತು, ರೆಗ್ಯುಲೇಟರ್ ತಿರುಗಿಸಿ ಕೂರಿಸಿದೆ. ಮೊದಲ ಕಡ್ಡಿಗೇ ಹತ್ತಿಕೊಂಡಿತು. ಕಾಫಿ ಸೋಸಿ ಲೋಟಗಳಿಗೆ ಹಾಕಿ ಹೊರಗೆ ತಂದಾಗ ಅವಳು ಇನ್ನೂ ಫೋನಿನಲ್ಲಿದ್ದಳು, ಅವನು ಇನ್ನೂ ಅವಳನ್ನೇ ನೋಡುತ್ತಿದ್ದ. ನಾನು ಅವರಿಬ್ಬರ ಬಸ್ಸು ತಪ್ಪಿಸಲು ಕಾಫಿಯನ್ನು ನಿಧಾನಕ್ಕೆ ಕೊಟ್ಟೆ.